ಕಾಗದದ ರೆಕ್ಕೆಯ ಕಸಿಲ್ದಾ

ನಮ್ಮವ್ವ ಕಸಿಲ್ದಾ ಸತ್ತ ಮಕ್ಕಳಿಗೆ ರೆಕ್ಕೆ ಮಾಡಿಕೊಡುತ್ತಿದ್ದಳು. ಹೊರಗಿನವರು ಯಾರಾದರೂ ನಿಮ್ಮ ತಾಯಿ ಏನು ಕೆಲಸ ಮಾಡುತ್ತಿದ್ದರು ಅಂತ ಕೇಳಿದರೆ ನಾನು ಕಾಗದದ ಹೂವಿನ ಕೆಲಸ ಅಂದುಬಿಡುತ್ತೇನೆ. ಅದೂ ಸುಳ್ಳಲ್ಲ. ಇಗರ್ಜಿಯ ಪೀಠಕ್ಕೆ, ಮದುವೆಗೆ, ಸಂತರ ಹಬ್ಬಕ್ಕೆಲ್ಲ ಹೂವು ನಮ್ಮ ಮನೆಯಿಂದಲೇ ಹೋಗುತ್ತಿತ್ತು. ಆದರೆ ಮೆಕ್ಸಿಕೋದ ನಮ್ಮ ಸಾಲಿತ್ರಾಲ್ ಊರಿನಲ್ಲಿ ಕಸಿಲ್ದಾ ಅಂದರೆ ರೆಕ್ಕೆ. ಅವಳು ಬೀದಿಯಲ್ಲಿ ನಡೆದು ಬಂದರೆ ಬಸುರಿಯರು ಒಳಗೆ ಸರಿಯುತ್ತಿದ್ದರು. ಮಗು ಸತ್ತ ದಿನ ಅದೇ ಹೆಂಗಸರು ಬರಿಗಾಲಲ್ಲಿ ನಮ್ಮ ಬಾಗಿಲಿಗೆ ಓಡಿ ಬರುತ್ತಿದ್ದರು. ಜನ ಹಾಗೇ, ಬೇಕಾದಾಗ ಬೆಲ್ಲ, ಬೇಡವಾದಾಗ ಬೇವು.

ಏಳು ವರ್ಷ ತುಂಬದ ಮಗು ಸತ್ತರೆ ಅದು ಸತ್ತ ಹಾಗಲ್ಲ, ದೇವದೂತನಾದ ಹಾಗೆ ಅಂತ ನಮ್ಮಲ್ಲಿ ನಂಬಿಕೆ. ಬಿಳಿ ಬಟ್ಟೆ ತೊಡಿಸಿ, ತಲೆಗೆ ಕಾಗದದ ಕಿರೀಟ ಇಟ್ಟು, ಬೆನ್ನಿಗೆ ರೆಕ್ಕೆ ಕಟ್ಟಿ ಮೇಜಿನ ಮೇಲೆ ಕೂರಿಸುತ್ತಾರೆ. ಪಿಟೀಲು ಬಾರಿಸುತ್ತಾರೆ, ಬಾಣಬಿರುಸು ಹಚ್ಚುತ್ತಾರೆ. ಹೆತ್ತವಳು ಮಾತ್ರ ಅಳಕೂಡದು. ಕಣ್ಣೀರು ಬಿದ್ದರೆ ಕಾಗದ ನೆನೆಯುತ್ತದೆ, ನೆನೆದ ರೆಕ್ಕೆಯಲ್ಲಿ ಮಗು ಹಾರಲಾರದು. ಈ ನಿಯಮ ಮಾಡಿದವರು ಯಾರೋ ಗಂಡಸರೇ ಇರಬೇಕು. ಎಷ್ಟು ತಾಯಂದಿರು ತುಟಿ ಕಚ್ಚಿ ರಕ್ತ ಬರಿಸಿಕೊಂಡು ನಿಂತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರ ಪಕ್ಕದಲ್ಲೇ ನಮ್ಮವ್ವ ರೆಕ್ಕೆಯ ದಾರ ಬಿಗಿಯುತ್ತ, "ತಡ್ಕೋ ತಾಯಿ, ಇನ್ನೊಂಚೂರು ತಡ್ಕೋ," ಅನ್ನುತ್ತಿದ್ದಳು.

ಕೆಲಸವೇನೋ ಸರಳವೇ. ಜೊಂಡಿನ ಕಡ್ಡಿ ಬಗ್ಗಿಸಿ ಚೌಕಟ್ಟು, ಅದರ ಮೇಲೆ ತೆಳು ಬಿಳಿ ಕಾಗದ, ಹಿಟ್ಟು ಕಾಯಿಸಿದ ಅಂಟು. ಅಂಟು ಒಣಗಿದ ಮೇಲೆ ಅಂಚನ್ನು ಗರಿಗರಿಯಾಗಿ ಕತ್ತರಿಸಿ, ಒಂದೊಂದು ಗರಿಯನ್ನೂ ಕತ್ತರಿಯ ಬೆನ್ನಿನಿಂದ ಉಜ್ಜಿ ಸುರುಳಿ ಮಾಡಬೇಕು. ನನಗೆ ಆರು ವರ್ಷಕ್ಕೇ ಅದು ಕೈಗೆ ಬಂದಿತ್ತು. ಅಳತೆಗೆ ಮಾತ್ರ ಅವ್ವನೇ ಹೋಗಬೇಕು. ಸತ್ತ ಮಗುವಿನ ಬೆನ್ನಿಗೆ ದಾರ ಹಿಡಿದು, ಭುಜದಿಂದ ಭುಜಕ್ಕೆ ಒಂದು ಗಂಟು, ಕತ್ತಿನಿಂದ ಸೊಂಟಕ್ಕೆ ಇನ್ನೊಂದು ಗಂಟು. ಕೆಲಸ ಮುಗಿದ ಮೇಲೆ ಆ ದಾರವನ್ನು ಮಗುವಿನ ಮುಷ್ಟಿಯೊಳಗೇ ಇಟ್ಟು ಮಣ್ಣು ಮಾಡಬೇಕು. ಅಜ್ಜಿ ಅವ್ವನಿಗೆ ಕಲಿಸಿದ್ದು ಎರಡೇ ಮಾತು. ಬದುಕಿರುವ ಮಗುವನ್ನು ಅಳೆಯಬಾರದು. ಮಾಡಿದ ರೆಕ್ಕೆ ಖಾಲಿ ಇರಬಾರದು. ಖಾಲಿ ರೆಕ್ಕೆ ತನಗೊಂದು ಬೆನ್ನು ಹುಡುಕಿಕೊಳ್ಳುತ್ತದೆ ಅನ್ನುತ್ತಿದ್ದಳಂತೆ ಅಜ್ಜಿ.

ನಮ್ಮ ಮನೆಯಲ್ಲಿ ಸದಾ ಸಾವಿನ ಮಾತೇ ಇತ್ತು ಅಂದುಕೊಳ್ಳಬೇಡಿ. ಅಪ್ಪ ಫೆರ್ಮಿನ್ ಹೇಸರಗತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅವ್ವ, ನಾನು, ತಮ್ಮ ತೀನೊ, ಮೂರೇ ಜನ. ಊರಿನಲ್ಲಿ ಯಾರೂ ಸಾಯದ ದಿನಗಳಲ್ಲಿ ಅವ್ವ ನೆಲದ ಮೇಲೆ ಕಾಲು ಚಾಚಿ ಕೂತು ಮುಸುಕಿನ ಜೋಳದ ಸಿಪ್ಪೆಯಲ್ಲಿ ಗೊಂಬೆ ಕಟ್ಟುತ್ತಿದ್ದಳು, ಡಬ್ಬದ ಮುಚ್ಚಳಕ್ಕೆ ಕಡ್ಡಿ ಸಿಕ್ಕಿಸಿ ಗಾಡಿ ಮಾಡುತ್ತಿದ್ದಳು. ತೀನೊಗೆ ಬೇಕಾದದ್ದು ಮಾತ್ರ ಒಂದೇ, ಸಿಪ್ಪೆಯ ಹೇಸರಗತ್ತೆ. ಅಪ್ಪನ ಹತ್ತಿರ ಇರುವಂಥದ್ದೇ ಆಗಬೇಕು, ಬೆನ್ನ ಮೇಲೆ ಉಪ್ಪಿನ ಮೂಟೆಯೂ ಇರಬೇಕು. ಮೂಟೆ ಇಲ್ಲದಿದ್ದರೆ ಊಟ ಬಿಡುತ್ತಿದ್ದ. ಊಟ ಬಿಟ್ಟು ಅಂಟು ತಿನ್ನುತ್ತಿದ್ದ.

"ಲೋ, ಅಂಟು ತಿಂದು ತಿಂದು ನಿನ್ನ ಕರುಳೆಲ್ಲ ಒಂದಕ್ಕೊಂದು ಅಂಟ್ಕೊಂಡುಬಿಡುತ್ತೆ ಕಣೋ," ಅನ್ನುತ್ತಿದ್ದಳು ಅವ್ವ.

"ಅಂಟ್ಕೊಳ್ಲಿ. ಆಮೇಲೆ ಹಸಿವೇ ಆಗಲ್ಲ."

"ನೋಡೇ ಲಿಬ್ರಾ, ಮೂರು ವರ್ಷಕ್ಕೇ ಎಂಥಾ ವಕೀಲ!"

ನನ್ನ ಹೆಸರು ಲಿಬ್ರಾದಾ. ಆಗ ನನಗೆ ಒಂಬತ್ತು. ತೀನೊಗೆ ಮೂರೂವರೆ.

ಆ ವರ್ಷ ದಡಾರ ಬಂತು. ಮೊದಲು ಕೆಳಗೇರಿ, ಆಮೇಲೆ ಇಗರ್ಜಿಯ ಹಿಂದಿನ ಬೀದಿ, ಆಮೇಲೆ ಎಲ್ಲ ಕಡೆ. ಡಾಕ್ಟರು ಬೇಕೆಂದರೆ ಎರಡು ದಿನದ ದಾರಿ. ಮಕ್ಕಳ ಸಾವಿಗೆ ಇಗರ್ಜಿಯ ಗಂಟೆಯನ್ನು ಬೇಗ ಬೇಗ ಬಾರಿಸುತ್ತಾರೆ, ಹಬ್ಬದ ಗಂಟೆಯ ಹಾಗೆ. ಆ ಚಳಿಗಾಲ ಪೂರ್ತಿ ಊರಿನಲ್ಲಿ ಹಬ್ಬವೋ ಹಬ್ಬ. ಒಂದೇ ತಿಂಗಳಲ್ಲಿ ಹನ್ನೊಂದು ಜೊತೆ ರೆಕ್ಕೆ ಮಾಡಿದೆವು. ಅವ್ವನ ಬೆರಳ ಸಂದಿ ಅಂಟಿನಿಂದ ಬಿರಿದು ಕೀವಾಗಿತ್ತು. ನಾನು ಕತ್ತರಿ ಹಿಡಿದೇ ತೂಕಡಿಸುತ್ತಿದ್ದೆ.

ಹೀಗಿರುವಾಗ ಒಂದು ದಿನ ಬೆಳಗ್ಗೆ ಮೂರು ಮಕ್ಕಳು ಒಟ್ಟಿಗೆ ಹೋದವು. ಅವತ್ತು ಮಂಜು ಕವಿದಿತ್ತು, ಅಂಟು ಒಣಗಲೇ ಇಲ್ಲ. ಎರಡು ಜೊತೆ ಹೇಗೋ ಒಲೆಯ ಮುಂದೆ ಹಿಡಿದು ಒಣಗಿಸಿದೆವು. ಮೂರನೆಯದು, ಬುಟ್ಟಿ ಹೆಣೆಯುವ ಪೆತ್ರಾಳ ಮಗಳು ಚೋನಾಳದ್ದು, ಎತ್ತಿದರೆ ಹಸಿ ರೊಟ್ಟಿಯ ಹಾಗೆ ಜೋತುಬಿದ್ದಿತು. ಮಕ್ಕಳನ್ನು ಬೇಗ ಮಣ್ಣು ಮಾಡಬೇಕೆಂದು ಪಂಚಾಯಿತಿಯ ಆಜ್ಞೆ ಬೇರೆ. ಚೋನಾಳನ್ನು ರೆಕ್ಕೆ ಇಲ್ಲದೆ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆದರು.

ಮಾರನೆಯ ದಿನ ಪೆತ್ರಾ ಬಂದು ನಮ್ಮ ಹೊಸ್ತಿಲ ಮೇಲೆ ಕೂತಳು. ಬೈಯಲು ಬಂದಿದ್ದಾಳೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಎಲ್ಲರ ಮಕ್ಕಳೂ ಹಾರ್ಕೊಂಡು ಹೋದ್ವು ಕಸಿಲ್ದಾ," ಅಂದಳು. "ನನ್ನ ಚೋನಾ ಇನ್ನೂ ನಡೀತಾನೇ ಇದಾಳೆ. ಅವಳು ನಡೆಯೋಕೆ ಕಲ್ತು ಎರಡೇ ತಿಂಗಳು ಕಣೇ. ಹೊಸ್ತಿಲು ದಾಟೋಕೂ ನನ್ನ ಬೆರಳು ಬೇಕಿತ್ತು. ಅಷ್ಟು ದೂರ ಹೇಗೆ ಹೋಗ್ತಾಳೆ ಹೇಳು?"

ಪೆತ್ರಾ ಎದ್ದು ಹೋದ ಮೇಲೆ ಅವ್ವ ಬಹಳ ಹೊತ್ತು ಆ ಜೋತುಬಿದ್ದ ರೆಕ್ಕೆಯನ್ನೇ ಹಿಡಿದು ಕೂತಿದ್ದಳು. ಆಮೇಲೆ ಅದನ್ನು ಒಲೆಗೆ ಹಾಕಿ ನನ್ನ ಕಡೆ ತಿರುಗಿದಳು.

"ಇನ್ಮೇಲೆ ಒಂದು ಜೊತೆ ಮುಂಚೇನೇ ಮಾಡಿಟ್ಕೋಬೇಕು ಲಿಬ್ರಾ."

"ಅಜ್ಜಿ ಬೇಡ ಅಂದಿದ್ರಲ್ಲ?"

"ನಿಮ್ಮಜ್ಜಿ ಕಾಲದಲ್ಲಿ ಒಂದೇ ಬೆಳಗ್ಗೆ ಮೂರು ಮಕ್ಕಳು ಸಾಯ್ತಿರ್ಲಿಲ್ಲ. ಮಧ್ಯದ ಅಳತೆ ಹಿಡಿದು ಕತ್ತರಿಸು. ಅಂದಾಜಲ್ಲಿ ಸಾಕು."

ಅಂದಾಜಲ್ಲಿ ಸಾಕು ಅಂದಳು. ಅದು ನನಗೆ ಇವತ್ತಿಗೂ ಸ್ಪಷ್ಟವಾಗಿ ನೆನಪಿದೆ. ಆದರೆ ನನ್ನದು ಹುಟ್ಟಾ ಜಂಭದ ಸ್ವಭಾವ. ಹನ್ನೊಂದು ಜೊತೆ ಮಾಡಿದವಳು, ಅಂದಾಜಿಗೆ ಕತ್ತರಿಸಿ ಓರೆಕೋರೆಯಾದರೆ ಮಾನ ಏನಾಗಬೇಕು? ಅವ್ವ ಹಿತ್ತಲಲ್ಲಿ ಅಂಟು ಕಾಯಿಸುತ್ತಿದ್ದಳು. ತೀನೊ ಮಧ್ಯಾಹ್ನ ಹುರುಳಿಕಾಳು ತಿಂದು ಚಾಪೆಯ ಮೇಲೆ ಬೋರಲು ಮಲಗಿದ್ದ, ಅಂಗಿ ಮೇಲಕ್ಕೆ ಸರಿದಿತ್ತು. ನಾನು ದಾರ ತೆಗೆದುಕೊಂಡು ಭುಜದಿಂದ ಭುಜಕ್ಕೆ ಹಿಡಿದೆ, ಒಂದು ಗಂಟು ಹಾಕಿದೆ. ಕತ್ತಿನಿಂದ ಸೊಂಟದವರೆಗೆ ಹಿಡಿದೆ, ಇನ್ನೊಂದು ಗಂಟು. ಕಚಗುಳಿಯಾಗಿ ನಿದ್ದೆಯಲ್ಲೇ ನಕ್ಕ. ಬದುಕಿರುವ ಮಗುವನ್ನು ಅಳೆಯಬಾರದು ಅನ್ನುವುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಗಳಿಗೆಯಲ್ಲಿ ಅವನು ನನಗೆ ಮಗುವಾಗಿ ಕಾಣಲಿಲ್ಲ, ಮಧ್ಯದ ಅಳತೆಯಾಗಿ ಕಂಡ. ಅಷ್ಟೇ.

ರೆಕ್ಕೆ ಮುಗಿದಾಗ ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ನಿನ್ನ ಕಣ್ಣಳತೆ ನನಗಿಂತ ಚೆನ್ನಾಗಿದೆ ಬಿಡು," ಅಂದಳು. ಆ ಹೊಗಳಿಕೆಯನ್ನು ನಾನು ನುಂಗಿಕೊಂಡೆ. ದಾರವನ್ನು ನನ್ನ ಪೆಟ್ಟಿಗೆಯಲ್ಲಿ, ಇಗರ್ಜಿಯಲ್ಲಿ ಮೊದಲ ಸಲ ಪ್ರಸಾದ ಪಡೆದ ದಿನ ತೊಟ್ಟಿದ್ದ ಬಟ್ಟೆಯ ಅಡಿಯಲ್ಲಿ ಬಚ್ಚಿಟ್ಟೆ.

ರೆಕ್ಕೆಗೆ ಬಟ್ಟೆ ಮುಚ್ಚಿ ತೊಲೆಗೆ ತೂಗುಹಾಕಿದೆವು. ಮಕ್ಕಳಿರುವ ಮನೆಯಲ್ಲಿ ಬಚ್ಚಿಟ್ಟದ್ದು ಎಷ್ಟು ದಿನ ಉಳಿದೀತು? ಮೂರನೆಯ ದಿನ ತೀನೊ ಜೋಳದ ಮೂಟೆಗಳ ಮೇಲೆ ಹತ್ತಿ ಅದನ್ನು ಕಿತ್ತುಕೊಂಡ. ಹೆಗಲ ದಾರದೊಳಗೆ ತೋಳು ತೂರಿಸಿಕೊಂಡು ಅಂಗಳಕ್ಕೆ ಓಡಿದ. ಕೋಳಿಗಳೆಲ್ಲ ಹೆದರಿ ಗೋಡೆ ಹಾರಿದವು.

"ಅವ್ವಾ, ನೋಡಿಲ್ಲಿ! ನಾನು ಹುಂಜ! ಕೊಕ್ಕೊಕ್ಕೋ!"

ಅವ್ವ ಜೋಳ ಅರೆಯುತ್ತಿದ್ದವಳು ತಲೆಯೆತ್ತಿದಳು. ರೆಕ್ಕೆ ಅವನ ಬೆನ್ನಿಗೆ ಎಲ್ಲೂ ಹೆಚ್ಚು ಕಮ್ಮಿ ಇಲ್ಲದೆ ಕೂತಿತ್ತು, ಹೊಲಿಸಿದ ಅಂಗಿಯ ಹಾಗೆ. ಅವಳು ಅವನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಎದ್ದು ಹೋಗಿ ರೆಕ್ಕೆ ಕಳಚಿ ತೀನೊನ ಕೆನ್ನೆಗೆ ಒಂದು ಬಿಟ್ಟಳು. ಅವಳು ನಮ್ಮಿಬ್ಬರಲ್ಲಿ ಯಾರ ಮೇಲಾದರೂ ಕೈ ಮಾಡಿದ್ದು ಅದೇ ಮೊದಲು, ಅದೇ ಕೊನೆ. ತೀನೊಗೆ ಅಳುವುದಕ್ಕೂ ತೋಚಲಿಲ್ಲ, ಅಷ್ಟು ಆಶ್ಚರ್ಯವಾಗಿತ್ತು.

ಆ ರೆಕ್ಕೆಯನ್ನು ಸುಡಲು ಅವ್ವನಿಗೆ ಧೈರ್ಯ ಬರಲಿಲ್ಲ, ಇಟ್ಟುಕೊಳ್ಳಲೂ ಬರಲಿಲ್ಲ. ಊಟ ಮಾಡುವಾಗ ತಲೆಯ ಮೇಲೆ ಅದು ತೂಗುತ್ತಿತ್ತು. ಎರಡು ದಿನದ ಮೇಲೆ ಇಗರ್ಜಿಯ ಗಂಟೆ ಬಾರಿಸುವವನ ಹಸುಗೂಸು ಹೋಯಿತು. ಸುದ್ದಿ ಬಂದದ್ದೇ ತಡ, ಅವ್ವ ತಲೆಗೆ ಶಾಲೂ ಹೊದೆಯದೆ ರೆಕ್ಕೆ ಹಿಡಿದು ಓಡಿದಳು. ಮಗುವಿಗೆ ಆರೇ ತಿಂಗಳು, ರೆಕ್ಕೆ ಅದರ ಪಾದಕ್ಕಿಂತ ಕೆಳಗೆ ಇಳಿದುಬಿದ್ದಿತ್ತಂತೆ. ಆದರೂ ಕಟ್ಟಿಯೇ ಬಂದಳು. ಬರುವಾಗ ದಾರಿಯುದ್ದಕ್ಕೂ ಏನೋ ಗುನುಗುತ್ತಿದ್ದಳು. "ಅದಕ್ಕೊಂದು ಬೆನ್ನು ಸಿಕ್ತು ಕಣೇ," ಅಂತ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ನಾನೂ ನಕ್ಕೆ. ಪರರ ಮನೆಯಲ್ಲಿ ಹೆಣ ಇರುವಾಗ ನಾವು ತಾಯಿ ಮಗಳು ಸಂಭ್ರಮಪಟ್ಟೆವು. ದೇವರು ಅದನ್ನು ಕ್ಷಮಿಸಿದ್ದಾನೋ ಇಲ್ಲವೋ, ನಾನಂತೂ ಕ್ಷಮಿಸಿಕೊಂಡಿಲ್ಲ.

ನಾಲ್ಕು ದಿನದ ಮೇಲೆ ತೀನೊನ ಕಣ್ಣು ಕೆಂಪಾಯಿತು.

ದಡಾರಕ್ಕೆ ಊರಿನಲ್ಲಿ ಗೊತ್ತಿದ್ದದ್ದೆಲ್ಲ ಮಾಡಿದೆವು. ಕೆಂಪು ಬಟ್ಟೆ ಕಟ್ಟಿದೆವು, ಬೊರಾಹಾ ಹೂವಿನ ಕಷಾಯ ಕುಡಿಸಿದೆವು. ಅವನ ಜ್ಞಾನತಾಯಿ ಎಂಗ್ರಾಸಿಯಾ, ಎಂದರೆ ಜ್ಞಾನಸ್ನಾನದಲ್ಲಿ ಅವನನ್ನು ಮಡಿಲಿನಲ್ಲಿ ಹಿಡಿದಿದ್ದವಳು, ದಿನಾ ಬೆಳಗ್ಗೆ ಮೇಕೆಯ ಹಾಲು ತಂದುಕೊಡುತ್ತಿದ್ದಳು. ಅವ್ವ ದೇವರ ಮುಂದೆ ಏನೇನು ಹರಕೆ ಹೊತ್ತಳೋ ಅವಳಿಗೇ ಗೊತ್ತು. ಕೂತಲ್ಲೇ ಸಿಪ್ಪೆಯ ಹೇಸರಗತ್ತೆ ಕಟ್ಟಿ ಕಟ್ಟಿ ಹಾಸಿಗೆಯ ಅಂಚಿನಲ್ಲಿ ನಿಲ್ಲಿಸುತ್ತಿದ್ದಳು. ತೀನೊಗೆ ಉಸಿರು ಎಳೆಯುವುದೇ ಕಷ್ಟವಾಗಿದ್ದಾಗಲೂ ಲೆಕ್ಕ ತಪ್ಪುತ್ತಿರಲಿಲ್ಲ.

"ಅವ್ವಾ, ಇದಕ್ಕೆ ಮೂಟೆ ಇಲ್ಲ."

"ಕಟ್ತೀನಿ ಕಣಪ್ಪ, ಕಟ್ತೀನಿ."

ನಾನು ಪೆಟ್ಟಿಗೆಯಲ್ಲಿದ್ದ ದಾರವನ್ನು ಬಾವಿಗೆ ಎಸೆಯಬೇಕೆಂದು ಎರಡು ಸಲ ಬಾವಿಕಟ್ಟೆಯವರೆಗೆ ಹೋದೆ. ಎಸೆದರೆ ಅದೇ ಕೆಡುಕಾದರೆ? ಇಟ್ಟುಕೊಂಡರೆ ಅದೇ ಕೆಡುಕಾದರೆ? ಎರಡು ಸಲವೂ ಹಾಗೇ ವಾಪಸ್ಸು ಬಂದೆ. ಅವ್ವನಿಗೆ ಹೇಳಿಬಿಡಬೇಕೆಂದು ಬಾಯಿಯವರೆಗೆ ಬಂದದ್ದು ಎಷ್ಟು ಸಲವೋ. ಹೇಳಲಿಲ್ಲ. ಏಳನೆಯ ದಿನ ಬೆಳಗ್ಗೆ, ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ, ತೀನೊ ಹೋದ. ಹಾಸಿಗೆಯ ಪಕ್ಕ ಹದಿನಾಲ್ಕು ಹೇಸರಗತ್ತೆ ನಿಂತಿದ್ದವು. ಎಲ್ಲಕ್ಕೂ ಮೂಟೆ ಇತ್ತು.

ಅವ್ವ ಅವನಿಗೆ ಬೆಚ್ಚನೆ ನೀರಿನಲ್ಲಿ ಸ್ನಾನ ಮಾಡಿಸುತ್ತಿದ್ದಾಗ ಎಂಗ್ರಾಸಿಯಾ ಬಂದಳು. ಸತ್ತ ಮಗುವಿಗೆ ಬಟ್ಟೆ ತರುವುದು ಜ್ಞಾನತಾಯಿಯ ಹೊಣೆ. ಬಿಳಿ ನಿಲುವಂಗಿ, ಬೆಳ್ಳಿ ಕಾಗದದ ಕಿರೀಟ ತಂದಿದ್ದಳು. ಹಿಂದೆ ಪಿಟೀಲಿನವನೂ ಅಂಗಳದವರೆಗೆ ಬಂದಿದ್ದ.

"ತಗೋ ಕೊಮಾದ್ರೆ, ಬಟ್ಟೆ ತಂದಿದೀನಿ," ಅಂದಳು ಎಂಗ್ರಾಸಿಯಾ. ಜ್ಞಾನತಾಯಿಯೂ ಹೆತ್ತ ತಾಯಿಯೂ ಒಬ್ಬರನ್ನೊಬ್ಬರು ಹಾಗೇ ಕರೆಯುವುದು. "ರೆಕ್ಕೆ ಎಲ್ಲಿ?"

"ರೆಕ್ಕೆ ಇಲ್ಲ."

"ಈಗ ನಿನ್ನ ಕೈಲಾಗಲ್ಲ, ಗೊತ್ತು. ಲಿಬ್ರಾ ಮಾಡ್ಲಿ ಬಿಡು. ಬಾರೇ ಲಿಬ್ರಾ, ಅಳತೆ ತಗೋ."

ನಾನು ಬಾಗಿಲ ಹಿಂದೆ ಸರಿದೆ.

"ಯಾರೂ ಅಳೆಯೋದು ಬೇಡ," ಅಂದಳು ಅವ್ವ. "ಯಾರೂ ಮಾಡೋದೂ ಬೇಡ. ಆ ಬಟ್ಟೇನೂ ತಗೊಂಡು ಹೋಗು."

"ತಲೆ ಕೆಟ್ಟಿದೆಯಾ ನಿನಗೆ? ಊರ ಮಕ್ಕಳಿಗೆಲ್ಲ ರೆಕ್ಕೆ ಕಟ್ಟಿ, ಹೊಟ್ಟೇಲಿ ಹುಟ್ಟಿದ ಮಗನಿಗೆ ಇಲ್ಲ ಅಂತೀಯಲ್ಲ! ರೆಕ್ಕೆ ಇಲ್ದೆ ಹೇಗೆ ಹೋಗ್ತಾನೆ ಅವನು?"

"ಹೋಗೋದು ಬೇಡ."

"ಏನಂದೆ?"

"ಹೋಗೋದು ಬೇಡ ಅಂದೆ. ಅವನಿಗೆ ಅಲ್ಲಿ ಯಾರು ಗೊತ್ತು? ಮೂಟೆ ಕಟ್ಟಿಕೊಡೋರು ಯಾರಿದಾರೆ? ಇಲ್ಲೇ ಇರ್ಲಿ. ಮನೇಲೇ ಇರ್ಲಿ."

ಅಷ್ಟು ಹೇಳಿ ಅವ್ವ ಅಳಲು ಶುರುಮಾಡಿದಳು. ಸದ್ದಿಲ್ಲದೆ ಅಲ್ಲ, ಊರಿಗೆಲ್ಲ ಕೇಳುವ ಹಾಗೆ, ಒದ್ದೆ ಮಗುವನ್ನು ಮಡಿಲಿನಲ್ಲಿ ಇಟ್ಟುಕೊಂಡು. ಎಂಗ್ರಾಸಿಯಾ ಓಡಿ ಹೋಗಿ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು, "ನೆನೆಯುತ್ತೆ, ನೆನೆಯುತ್ತೆ," ಅಂತ. ಅವ್ವ ಆ ಕೈ ತಳ್ಳಿ, "ನೆನೆಯೋಕೆ ಏನಿದೆಯೇ ಇಲ್ಲಿ? ರೆಕ್ಕೆ ಎಲ್ಲಿದೆ?" ಅಂದಳು. ಆ ಚಳಿಗಾಲದಲ್ಲಿ ಊರಿನಲ್ಲಿ ಗಂಟಲು ಬಿಚ್ಚಿ ಅತ್ತ ತಾಯಿ ಅವಳೊಬ್ಬಳೇ. ಪಿಟೀಲಿನವನು ಪಿಟೀಲನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ಮೊಣಕಾಲಿಗೆ ತೇಪೆ ಹಾಕಿದ ದಿನನಿತ್ಯದ ಷರಾಯಿಯಲ್ಲೇ, ಅಪ್ಪ ಹೊಲಿದುಕೊಟ್ಟ ಚಪ್ಪಲಿಯಲ್ಲೇ ತೀನೊನನ್ನು ಮಣ್ಣು ಮಾಡಿದೆವು.

ಎಂಟು ದಿನದ ಮೇಲೆ ಅಪ್ಪ ಬಂದ. ಜೇಬಿನಲ್ಲಿ ಮಗನಿಗೆಂದು ಒಂದು ತಗಡಿನ ಪೀಪಿ ಇತ್ತು. ಅದನ್ನು ಆ ಹದಿನಾಲ್ಕು ಹೇಸರಗತ್ತೆಗಳ ಪಕ್ಕ ಇಟ್ಟು, ಮಾರನೆಯ ದಿನವೇ ಮತ್ತೆ ಉಪ್ಪು ಹೇರಿಕೊಂಡು ಹೊರಟ. ಆಮೇಲೆ ಅವನು ಮನೆಯಲ್ಲಿ ಒಟ್ಟಿಗೆ ಒಂದು ವಾರ ನಿಂತದ್ದು ನನಗೆ ನೆನಪಿಲ್ಲ.

ಊರಿನವರು ಆಡಿಕೊಂಡರು. ಎಂಗ್ರಾಸಿಯಾ ಒಂದು ವರ್ಷ ಮಾತು ಬಿಟ್ಟಳು. ಆದರೆ ಮುಂದಿನ ಮಗು ಸತ್ತಾಗ ಎಲ್ಲಿಗೆ ಹೋಗುತ್ತಾರೆ? ನಮ್ಮ ಬಾಗಿಲಿಗೇ ಬಂದರು. ಅವ್ವ ಇಲ್ಲ ಅನ್ನಲಿಲ್ಲ. ಅಜ್ಜಿಯ ಮಾತು ಮೀರದೆ, ಸತ್ತ ಮೇಲೆಯೇ ಅಳೆದು, ದಾರವನ್ನು ಮುಷ್ಟಿಯಲ್ಲಿಟ್ಟು, ಮೊದಲಿಗಿಂತ ಚೆಂದವಾಗಿ ಮಾಡಿಕೊಟ್ಟಳು. ಯಾವಳೋ ಒಮ್ಮೆ ಚುಚ್ಚಿ ಕೇಳಿದ್ದಕ್ಕೆ, "ನಿಮ್ಮವು ಹೋಗ್ಲಿ. ನನ್ನದು ನನ್ನ ಹತ್ರ ಇರ್ಲಿ. ನಿಮಗೇನು ನಷ್ಟ?" ಅಂದಳಂತೆ. ಮನೆಯಲ್ಲಿ ಊಟಕ್ಕೆ ಕೂತಾಗ ಗೋಡೆಯ ಬದಿ ಒಂದು ಸಣ್ಣ ತಟ್ಟೆ ಇಡುತ್ತಿದ್ದಳು. ಆ ಜಾಗದಲ್ಲಿ ನಾನು ಕಾಲು ಚಾಚಿದರೆ, "ಸರಿ ಅಲ್ಲಿಂದ," ಅನ್ನುತ್ತಿದ್ದಳು.

ಆಮೇಲೆ ಮೆಕ್ಸಿಕೋ ನಗರದಿಂದ ಸೂಜಿಮದ್ದಿನವರು ಬಂದರು. ಮಕ್ಕಳು ಬದುಕತೊಡಗಿದವು, ರೆಕ್ಕೆ ಕೇಳುವವರು ಕಮ್ಮಿಯಾದರು. ನನಗೆ ಮದುವೆಯಾಯಿತು, ನಾಲ್ಕು ಮಕ್ಕಳಾದವು. ಅವರ ಅಂಗಿಗಳನ್ನು ನಾನು ಎಂದೂ ಅಳತೆ ಹಿಡಿದು ಹೊಲಿಯಲಿಲ್ಲ. ಎಲ್ಲವೂ ಕಣ್ಣಂದಾಜಿಗೇ, ಎಲ್ಲವೂ ದೊಗಳೆ. "ನಿಮ್ಮಮ್ಮ ಹೊಲಿದಿದ್ದು ಅಂಗಿಯೋ ಗೋಣೀಚೀಲವೋ?" ಅಂತ ಶಾಲೆಯಲ್ಲಿ ಅವರನ್ನು ಗೇಲಿ ಮಾಡುತ್ತಿದ್ದರು. ಮಾಡಲಿ. ದೊಗಳೆ ಅಂಗಿಯಲ್ಲಿ ಬೆಳೆದರು, ಬದುಕಿದ್ದಾರೆ.

ಅವ್ವ ಹಾಸಿಗೆ ಹಿಡಿದದ್ದು ತನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ. ತೀನೊ ಹೋಗಿ ನಲವತ್ತೈದು ವರ್ಷವಾಗಿತ್ತು. ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದಾಗ ಚಮಚವನ್ನು ಪಕ್ಕಕ್ಕೆ ಸರಿಸಿದಳು.

"ಲಿಬ್ರಾ, ಒಂದು ಜೊತೆ ರೆಕ್ಕೆ ಮಾಡು."

"ಯಾರಿಗವ್ವಾ? ಊರಲ್ಲಿ ಯಾವ ಮಗುವೂ ಸತ್ತಿಲ್ಲ."

"ತೀನೊಗೆ. ನಾನು ಹೋದ ಮೇಲೆ ಅವನನ್ನ ಈ ಮನೇಲಿ ಯಾರು ನೋಡ್ಕೋತಾರೆ? ಕರ್ಕೊಂಡು ಹೋಗ್ತೀನಿ. ನನ್ನ ಪೆಟ್ಟಿಗೇಲಿ ಇಟ್ಟುಬಿಡು, ದಾರೀಲಿ ನಾನೇ ಕಟ್ತೀನಿ."

ಆಗಲಿ ಅಂದೆ. ಆಮೇಲೆ ಕೇಳಿದೆ, "ಅಳತೆ?"

"ದಾರ ನಿನ್ನ ಹತ್ರಾನೇ ಇದೆಯಲ್ಲ."

ನಾನು ಗಂಜಿಯ ಬಟ್ಟಲನ್ನು ನೆಲದ ಮೇಲಿಟ್ಟೆ. ನಲವತ್ತೈದು ವರ್ಷ ಆ ದಾರವನ್ನು ಗಂಡನಿಗೂ ತೋರಿಸದೆ, ಪಾದ್ರಿಯ ಮುಂದೆ ಪಾಪನಿವೇದನೆಯಲ್ಲೂ ಹೇಳದೆ ಬಚ್ಚಿಟ್ಟಿದ್ದೆ.

"ಯಾವಾಗಿಂದ ಗೊತ್ತವ್ವಾ ನಿನಗೆ?"

"ಅವನು ಹುಂಜ ಅಂತ ಕುಣಿದನಲ್ಲ, ಆವತ್ತಿಂದ. ಅಂದಾಜಿಗೆ ಮಾಡಿದ್ದು ಹಾಗೆ ಕೂರುತ್ತಾ? ನಾನು ಆ ಕೆಲಸದಲ್ಲೇ ಕೈ ಸವೆಸಿದೋಳು ಕಣೇ."

"ಮತ್ತೆ ನನಗೆ ಯಾಕೆ ಒಂದು ಮಾತು ಅನ್ಲಿಲ್ಲ? ಯಾಕೆ ಹೊಡೀಲಿಲ್ಲ?"

ಅವ್ವ ಗೋಡೆಯ ಬದಿಯ ಆ ಸಣ್ಣ ತಟ್ಟೆಯ ಕಡೆ ತಿರುಗಿದಳು.

"ಹೊಡೆದೆನಲ್ಲ," ಅಂದಳು. "ಆ ಏಟು ನಿನ್ನದು. ಅವನಿಗೆ ಬಿತ್ತು. ಮುಂಚೆ ಮಾಡಿಡು ಅಂದೋಳು ನಾನು, ಇನ್ನೊಂದು ಏಟು ಯಾರಿಗೆ ಹೊಡೀಲಿ?"

ಮೂರು ದಿನದಲ್ಲಿ ಅವಳು ಹೋದಳು. ನಾನು ನನ್ನ ಹಳೆಯ ಬಟ್ಟೆಪೆಟ್ಟಿಗೆ ತೆರೆದು ದಾರ ತೆಗೆದೆ. ಎರಡೂ ಗಂಟು ಹಾಗೇ ಇದ್ದವು. ಇಷ್ಟು ಚಿಕ್ಕ ಬೆನ್ನೇ ಅವನದು ಅನ್ನಿಸಿತು. ಜೊಂಡು ಬಗ್ಗಿಸಿದೆ, ಕಾಗದ ಹಚ್ಚಿದೆ, ಬಿಸಿಲಿಗಿಟ್ಟು ಒಣಗಿಸಿದೆ, ಒಂದೊಂದೇ ಗರಿ ಸುರುಳಿ ಮಾಡಿದೆ. ನನ್ನ ಮೊಮ್ಮಗಳು ಯಾರ ರೆಕ್ಕೆ ಅಂತ ಕೇಳಿದಾಗ ನನ್ನ ತಮ್ಮನದು ಅಂದೆ. ರೆಕ್ಕೆಯನ್ನು ಅವ್ವನ ಎದೆಯ ಮೇಲಿಟ್ಟೆ, ಪಕ್ಕದಲ್ಲಿ ಹುಳ ತಿಂದು ಉಳಿದಿದ್ದ ಎರಡು ಹೇಸರಗತ್ತೆ, ತಗಡಿನ ಪೀಪಿ. ದಾರವನ್ನು ಅವಳ ಬಲಗೈಯಲ್ಲಿಟ್ಟು ಬೆರಳು ಮಡಿಸಿದೆ.

ಆಮೇಲೆ ರೆಕ್ಕೆಗೆ ಹನಿ ಬೀಳದಷ್ಟು ದೂರ, ಬಾಗಿಲ ಹತ್ತಿರ ಹೋಗಿ ನಿಂತುಕೊಂಡು ಅತ್ತೆ.